ಕೃಷ್ಣವಿವರವನ್ನು ತಟ್ಟಿ ನೋಡಿದವರು

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮೇಲೆ ಹಾಸನೂರಿನ ಕಡೆಗೆ ಹೋಗುವ ದಾರಿಯಲ್ಲಿ, ಇನ್ನೇನು ಕಾಡು ಎರಡು ಕಡೆಯಿಂದಲೂ ರಸ್ತೆಯನ್ನು ಅಮರಿಕೊಳ್ಳುತ್ತದೆ ಎನ್ನುವಷ್ಟರಲ್ಲಿ, ಒಡೆಯರಪಾಳ್ಯ ಸಿಕ್ಕುತ್ತದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸೀಮೆಯೆಲ್ಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ೧೯೭೦ರ ದಶಕದಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಇಲ್ಲಿ ನೆಲೆ ಕೊಟ್ಟರು. ಹೀಗಾಗಿ ಕನ್ನಡ, ತಮಿಳುಗಳ ಜೊತೆಗೆ ಟಿಬೆಟ್ಟಿನ ಮಾತೂ ಈಗ ಇಲ್ಲಿ ಕಿವಿಗೆ ಬೀಳುತ್ತದೆ. ನನ್ನ ಹಳೆಯ ಸ್ನೇಹಿತರೊಬ್ಬರು ಅಲ್ಲಿ ಒಂದಿಷ್ಟು ಜಮೀನು ಮಾಡಿಕೊಂಡಿದ್ದಾರೆ. ಬೆಂಗಳೂರಿನ ಗದ್ದಲ ಸಾಕಾದಾಗ ನಾಲ್ಕು ದಿನ ಅವರ ಮನೆಗೆ ಹೋಗಿ ಬಿದ್ದುಕೊಳ್ಳುವುದು ನನ್ನ ಅಭ್ಯಾಸ.

ಕಳೆದ ಸಲ ಹೋದಾಗ ಸಂಜೆ ಏಳಕ್ಕೆಲ್ಲ ವಿದ್ಯುತ್ತು ಹೋಯಿತು. ಜಗಲಿಯ ಮೇಲೆ ಕುಳಿತೆವು. ಬೆಟ್ಟದ ಮಾದಪ್ಪನ ಸೇವೆಯ ದೇವರಗುಡ್ಡನೊಬ್ಬ ಅಂದು ಅವರಲ್ಲಿ ತಂಗಿದ್ದ. ಅವನ ಕಂಸಾಳೆ ಪಕ್ಕದಲ್ಲಿತ್ತು. ಸ್ನೇಹಿತರ ಮಗ ಎರಡನೆಯ ಪಿ.ಯು.ಸಿ. ವಿಜ್ಞಾನದ ಹುಡುಗ. ಆಕಾಶದ ತುಂಬ ಚೆಲ್ಲಿದ್ದ ನಕ್ಷತ್ರಗಳನ್ನು ನೋಡುತ್ತ ಅವನು ಕೇಳಿದ: “ಕಪ್ಪುಕುಳಿಯಿಂದ ಬೆಳಕೇ ಹೊರಗೆ ಬರುವುದಿಲ್ಲ ಎನ್ನುತ್ತಾರಲ್ಲ, ಹಾಗಾದರೆ ಅದು ಇದೆ ಎಂದು ಗೊತ್ತಾಗುವುದು ಹೇಗೆ?”

ನಾನು ಮೇಷ್ಟರ ಧಾಟಿಯಲ್ಲಿ ಉತ್ತರ ಕೊಟ್ಟೆ. ಅದರ ಸುತ್ತ ನಕ್ಷತ್ರಗಳು ಸುತ್ತುವ ವೇಗದಿಂದ ಗೊತ್ತಾಗುತ್ತದೆ. ಅದರೊಳಕ್ಕೆ ಬೀಳುವ ಅನಿಲ ಕಾದು ಹೊಳೆಯುವುದರಿಂದ ಗೊತ್ತಾಗುತ್ತದೆ. ೨೦೧೯ರ ಏಪ್ರಿಲಿನಲ್ಲಿ ಲೋಕವೆಲ್ಲ ನೋಡಿದ ಚಿತ್ರವೂ ಅಂಥ ಹೊಳಪಿನದೇ, ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಅದರ ನೆರೆಹೊರೆಯವರ ಸುದ್ದಿ ಆಯಿತು. ಅದರದೇ ಸುದ್ದಿ ಯಾವುದು?” ಎಂದ. ನಾನು ತಡವರಿಸಿದೆ. ನಮ್ಮ ಮಾತನ್ನು ಕೇಳುತ್ತಿದ್ದ ದೇವರಗುಡ್ಡ ಕತ್ತಲಲ್ಲೇ ಕಂಸಾಳೆಯ ಬಟ್ಟಲಿಗೆ ತಾಳವನ್ನು ಒಮ್ಮೆ ತಾಕಿಸಿದ. ದನಿ ಎದ್ದು, ಅಲೆ ಅಲೆಯಾಗಿ ಇಳಿದು, ಕತ್ತಲಲ್ಲಿ ಕರಗಿತು. “ಕಂಚ ಕೊಳ್ವಾಗ ಕಣ್ಗೇನ್ ಕೆಲ್ಸ ಬುದ್ದಿ? ತಟ್ಟುದ್ರೆ ಅದೇ ಹೇಳ್ತದ” ಎಂದು ನಕ್ಕ.

ಬೆಂಗಳೂರಿನ ಒಬ್ಬ ವಿಜ್ಞಾನಿಯ ಜೀವಮಾನದ ಕೆಲಸವನ್ನು ತಾನು ಒಂದೇ ಮಾತಿನಲ್ಲಿ ಹೇಳಿಬಿಟ್ಟೆನೆಂದು ಅವನಿಗೆ ಗೊತ್ತಿರಲಿಲ್ಲ. ಆ ವಿಜ್ಞಾನಿ ಸಿ. ವಿ. ವಿಶ್ವೇಶ್ವರ. ಅಂದು ರಾತ್ರಿ ಹುಡುಗನಿಗೆ ಹೇಳಿದ ಕಥೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಕೃಷ್ಣವಿವರದ ಕಲ್ಪನೆ ಹುಟ್ಟಿದ್ದು ಯುದ್ಧಕಾಲದಲ್ಲಿ. ೧೯೧೫ರ ನವೆಂಬರಿನಲ್ಲಿ ಐನ್‌ಸ್ಟೈನರು ತಮ್ಮ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವನ್ನು ಮುಗಿಸಿದರು. ಗುರುತ್ವವೆಂದರೆ ಒಂದು ವಸ್ತು ಇನ್ನೊಂದನ್ನು ದೂರದಿಂದ ಎಳೆಯುವ ಬಲವಲ್ಲ. ದ್ರವ್ಯ ಇರುವ ಕಡೆ ದೇಶಕಾಲಗಳೇ ಬಾಗುತ್ತವೆ, ಆ ಬಾಗಿನಲ್ಲಿ ವಸ್ತುಗಳು ತಮ್ಮ ದಾರಿ ಹಿಡಿದು ಸಾಗುತ್ತವೆ ಎಂಬುದು ಅದರ ತಿರುಳು. ರಷ್ಯದ ಯುದ್ಧರಂಗದಲ್ಲಿದ್ದ ಜರ್ಮನ್ ಖಗೋಳಜ್ಞ ಕಾರ್ಲ್ ಶ್ವಾರ್ಜ್‌ಶೀಲ್ಡ್ ಕೆಲವೇ ವಾರಗಳಲ್ಲಿ ಈ ಸಮೀಕರಣಗಳಿಗೆ ಮೊದಲ ನಿಖರ ಉತ್ತರವನ್ನು ಕಂಡುಹಿಡಿದರು. ೧೯೧೬ರ ಮೇ ತಿಂಗಳಲ್ಲಿ ಕಾಯಿಲೆಯಿಂದ ತೀರಿಕೊಂಡರು. ಅವರ ಉತ್ತರದಲ್ಲಿ ಒಂದು ವಿಚಿತ್ರವಿತ್ತು. ಯಾವುದೇ ವಸ್ತುವನ್ನು ಒಂದು ಮಿತಿಗಿಂತ ಒಳಕ್ಕೆ ಅಮುಕಿದರೆ, ಅಲ್ಲಿಂದ ಬೆಳಕು ಕೂಡ ಹೊರಬರಲಾರದು. ಏಳು ಲಕ್ಷ ಕಿಲೋಮೀಟರ್ ತ್ರಿಜ್ಯದ ಸೂರ್ಯನಿಗೆ ಆ ಮಿತಿ ಮೂರು ಕಿಲೋಮೀಟರ್. ನಮ್ಮ ಭೂಮಿಗೆ ಒಂಬತ್ತು ಮಿಲಿಮೀಟರ್, ಎಂದರೆ ಹೆಚ್ಚು ಕಡಮೆ ಮಕ್ಕಳು ಆಡುವ ಒಂದು ಗೋಲಿ.

ಇಂಥದೊಂದು ವಸ್ತು ಲೆಕ್ಕದಲ್ಲಿರಬಹುದು, ಲೋಕದಲ್ಲಿರಲಾರದು ಎಂದು ಬಹುಕಾಲ ನಂಬಲಾಗಿತ್ತು. ೧೯೩೯ರಲ್ಲಿ ಸ್ವತಃ ಐನ್‌ಸ್ಟೈನರೇ ಅದು ಅಸಾಧ್ಯವೆಂದು ವಾದಿಸಿ ಪ್ರಬಂಧ ಬರೆದರು. ಅದೇ ವರ್ಷ ಓಪನ್‌ಹೈಮರ್ ಮತ್ತು ಸ್ನೈಡರ್, ದೊಡ್ಡ ನಕ್ಷತ್ರವೊಂದು ತನ್ನ ಭಾರಕ್ಕೆ ತಾನೇ ಕುಸಿದರೆ ಆ ಸ್ಥಿತಿಗೇ ಬರುತ್ತದೆ ಎಂದು ತೋರಿಸಿದರು. ಜಗಳ ತೀರಲಿಲ್ಲ. ಕಪ್ಪುಕುಳಿ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ಜಾನ್ ವೀಲರ್ ಬಳಕೆಗೆ ತಂದದ್ದೇ ೧೯೬೭ರ ಸುಮಾರಿಗೆ.

ವಿಶ್ವೇಶ್ವರ ಅವರು ಇದರೊಳಗೆ ಕಾಲಿಟ್ಟದ್ದು ಆ ಹೊತ್ತಿನಲ್ಲಿ. ೧೯೩೮ರ ಮಾರ್ಚ್ ೬ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರು ಸಾಹಿತಿಯ ಮಗ. ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಹೆಸರಾಂತ ಲೇಖಕರು. ೧೯೪೭ರಲ್ಲಿ ಹರಪನಹಳ್ಳಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮಗ ಮೈಸೂರು ವಿಶ್ವವಿದ್ಯಾನಿಲಯದ ಪದವಿಗಳನ್ನು ಪಡೆದು ಅಮೆರಿಕೆಗೆ ಹೋದರು. ಮೊದಲು ಕೊಲಂಬಿಯ, ಅನಂತರ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ. ಅಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಗುರು.

ಮಿಸ್ನರ್ ಕೊಟ್ಟ ಸಮಸ್ಯೆ ಕೇಳುವುದಕ್ಕೆ ಸರಳವಾಗಿತ್ತು: ಶ್ವಾರ್ಜ್‌ಶೀಲ್ಡರ ಈ ವಸ್ತುವನ್ನು ಸ್ವಲ್ಪ ಅಲುಗಿಸಿದರೆ ಏನಾಗುತ್ತದೆ? ತುದಿಯ ಮೇಲೆ ನಿಲ್ಲಿಸಿದ ಸೀಸದ ಕಡ್ಡಿ ಸೊನ್ನೆ ಗಾಳಿಯಲ್ಲಿ ನಿಂತೀತು. ಒಂದು ಉಸಿರು ತಾಕಿದರೆ ಬೀಳುತ್ತದೆ. ಲೆಕ್ಕಕ್ಕೆ ಅದೂ ಒಂದು ಉತ್ತರವೇ, ಆದರೆ ಲೋಕದಲ್ಲಿ ಹಾಗೆ ನಿಂತ ಕಡ್ಡಿಯನ್ನು ಯಾರೂ ಕಂಡಿಲ್ಲ. ಬಟ್ಟಲ ತಳದಲ್ಲಿರುವ ಗೋಲಿಯ ಮಾತು ಬೇರೆ. ಎಷ್ಟು ಅಲುಗಿಸಿದರೂ ಮತ್ತೆ ತಳಕ್ಕೇ ಬರುತ್ತದೆ. ಕೃಷ್ಣವಿವರ ಕಡ್ಡಿಯೋ ಗೋಲಿಯೋ? ಕಡ್ಡಿಯಾದರೆ ಅದನ್ನು ಆಕಾಶದಲ್ಲಿ ಹುಡುಕುವುದೇ ದಂಡ. ೧೯೫೭ರಲ್ಲಿ ರೆಜ್ಜೆ ಮತ್ತು ವೀಲರ್ ಈ ಪ್ರಶ್ನೆಯನ್ನು ಎತ್ತಿ ಸ್ವಲ್ಪ ದೂರ ಸಾಗಿದ್ದರು. ಆದರೆ ಆ ಅಂಚಿನ ಸ್ವರೂಪ ಆಗ ಚೆನ್ನಾಗಿ ತಿಳಿದಿರಲಿಲ್ಲವಾಗಿ ಕೆಲಸ ಪೂರ್ತಿಯಾಗಿರಲಿಲ್ಲ. ವಿಶ್ವೇಶ್ವರ ಅದನ್ನು ಮುಗಿಸಿದರು. ಯಾವ ಕದಲಿಕೆಯೂ ಅಲ್ಲಿ ಬೆಳೆಯುತ್ತ ಹೋಗಲಾರದು ಎಂಬುದು ಅವರು ತೋರಿಸಿದ ಫಲಿತಾಂಶ. ೧೯೭೦ರಲ್ಲಿ ಅದು ಅಚ್ಚಾಯಿತು. ಕೃಷ್ಣವಿವರ ಬಟ್ಟಲ ತಳದ ಗೋಲಿ. ಹಾಗೆಂದ ಮೇಲೆ ಅದು ಲೋಕದಲ್ಲಿ ಬಾಳಬಲ್ಲ ವಸ್ತು.

ಸರಿ, ಒಡೆಯುವುದಿಲ್ಲ ಎಂದಾಯಿತು. ಆದರೆ ತಟ್ಟಿದಾಗ ಏನು ಹೇಳುತ್ತದೆ? ಇದು ಅವರ ಎರಡನೆಯ ಪ್ರಶ್ನೆ. ಆಗ ಅವರು ನ್ಯೂಯಾರ್ಕಿನ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯಲ್ಲಿದ್ದರು. ರಂಧ್ರ ಕೊರೆದ ಕಾರ್ಡುಗಳನ್ನು ಕಂತೆ ಕಟ್ಟಿ ಗಣಕಯಂತ್ರಕ್ಕೆ ಉಣಿಸುತ್ತಿದ್ದ ಕಾಲ. ಲೆಕ್ಕದ ಕೃಷ್ಣವಿವರವೊಂದರ ಮೇಲೆ ಅವರು ಗುರುತ್ವದ ಅಲೆಗಳನ್ನು ಎಸೆದು, ಚದರಿ ಹಿಂದಿರುಗುವುದೇನೆಂದು ನೋಡಿದರು. ದೇಶಕಾಲದ ಬಾಗು ಒಂದೆಡೆ ಕದಲಿದಾಗ ಆ ಕದಲಿಕೆ ಕೆರೆಯ ಅಲೆಯಂತೆ ಹರಡುತ್ತದೆ. ಗುರುತ್ವದ ಅಲೆಯೆಂದರೆ ಅದು. ಎಸೆದ ಅಲೆ ಅಗಲವಾಗಿದ್ದಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಬಂದರು. ಅದು ಕೃಷ್ಣವಿವರದ ಗಾತ್ರದಷ್ಟಕ್ಕೆ ಇಳಿದಾಗ ಹೊಸದೊಂದು ಕಂಡಿತು. ಹಿಂದಿರುಗಿದ ಅಲೆಯ ಬಾಲದಲ್ಲಿ ಏರಿಳಿಯುತ್ತ ಏರಿಳಿಯುತ್ತ ಬೇಗನೆ ನಂದಿಹೋಗುವ ಒಂದು ಕಂಪನ! ಎಂಥ ಅಲೆಯಿಂದ ಹೊಡೆದರೂ ಈ ಕಂಪನ ಮಾತ್ರ ಅದೇ. ಅದನ್ನು ನಿರ್ಣಯಿಸುತ್ತಿದ್ದುದು ಹೊಡೆದ ಕೈಯಲ್ಲ, ಹೊಡೆಸಿಕೊಂಡ ವಸ್ತು. ಭಾರವಾದ ಕೃಷ್ಣವಿವರಕ್ಕೆ ಮಂದ್ರ, ಹಗುರವಾದದ್ದಕ್ಕೆ ತಾರ. ಗುಡಿಯ ದೊಡ್ಡ ಘಂಟೆಗೂ ಪೂಜೆಯ ಕೈಘಂಟೆಗೂ ಇರುವ ವ್ಯತ್ಯಾಸವೇ.

ಕಂಸಾಳೆಯಲ್ಲಿ ಕಂಪಿಸುವುದು ಕಂಚು. ಕೃಷ್ಣವಿವರದಲ್ಲಿ ಕಂಚಿಲ್ಲ, ಕಲ್ಲಿಲ್ಲ, ಗಾಳಿಯೂ ಇಲ್ಲ. ಕಂಪಿಸುವುದು ಬರಿಯ ದೇಶಕಾಲ. ಆದರೂ ದನಿಯ ನಿಯಮ ಒಂದೇ ಬಗೆಯದು. ೧೯೭೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಒಂದು ಪುಟ್ಟ ಪ್ರಬಂಧವಾಗಿ ಬಂತು. ಮರುವರ್ಷ ವಿಲಿಯಂ ಪ್ರೆಸ್ ಈ ಕಂಪನಗಳಿಗೆ ‘ಅರೆಸಹಜ ಕಂಪನ’ ಎಂಬರ್ಥದ ಹೆಸರಿಟ್ಟರು. ೧೯೭೫ರಲ್ಲಿ ಚಂದ್ರಶೇಖರ್ ಮತ್ತು ಡೆಟ್‌ವೈಲರ್ ಅವುಗಳ ಸ್ವರಗಳನ್ನು ಒಂದೊಂದಾಗಿ ಲೆಕ್ಕಹಾಕಿದರು.

ಆದರೆ ಈ ದನಿಯನ್ನು ಕೇಳುವ ಕಿವಿ ಆಗ ಲೋಕದಲ್ಲಿರಲಿಲ್ಲ. ಕೃಷ್ಣವಿವರ ಇದೆಯೆಂಬುದಕ್ಕೇ ಗಟ್ಟಿಯಾದ ಸಾಕ್ಷ್ಯವಿರಲಿಲ್ಲ. ಇದ್ದರೂ ಅದನ್ನು ತಟ್ಟುವವರು ಯಾರು? ವಿಶ್ವೇಶ್ವರ ೧೯೭೬ರಲ್ಲಿ ಬೆಂಗಳೂರಿಗೆ ಹಿಂದಿರುಗಿ ರಾಮನ್ ಸಂಶೋಧನಾ ಸಂಸ್ಥೆಯನ್ನೂ, ಆಮೇಲೆ ಭಾರತೀಯ ಖಭೌತ ಸಂಸ್ಥೆಯನ್ನೂ ಸೇರಿದರು. ೧೯೮೯ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಭಾಷಣಗಳಲ್ಲಿ ತಾವೇ ಬರೆದ ವ್ಯಂಗ್ಯಚಿತ್ರಗಳನ್ನು ತೋರಿಸಿ ನಗಿಸುತ್ತಿದ್ದರು. ಬೆಂಗಳೂರಿನ ಎಷ್ಟೋ ಮಕ್ಕಳು ಆ ಗುಮ್ಮಟದ ಕೆಳಗೆ ಮೊದಲ ಸಲ ಆಕಾಶವನ್ನು ಸರಿಯಾಗಿ ನೋಡಿದರು. ನನ್ನ ಮಕ್ಕಳೂ ಅವರಲ್ಲಿ ಸೇರಿದ್ದಾರೆ.

ಕಿವಿ ಸಿದ್ಧವಾಗಲು ನಲವತ್ತೈದು ವರ್ಷ ಹಿಡಿಯಿತು. ೨೦೧೫ರ ಸೆಪ್ಟೆಂಬರ್ ೧೪ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ, ಅಮೆರಿಕೆಯ ಎರಡು ಮೂಲೆಗಳಲ್ಲಿರುವ ‘ಲೈಗೊ’ ಯಂತ್ರಗಳು ಅಲುಗಿದವು. ನಾಲ್ಕು ಕಿಲೋಮೀಟರ್ ಉದ್ದದ ಅವುಗಳ ತೋಳುಗಳ ಅಳತೆಯಲ್ಲಿ ಆದ ವ್ಯತ್ಯಾಸ ಒಂದು ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಭಾಗಕ್ಕಿಂತ ಕಡಮೆ. ನೂರ ಮೂವತ್ತು ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕೃಷ್ಣವಿವರಗಳು ಒಂದನ್ನೊಂದು ಸುತ್ತಿ ಕೂಡಿಕೊಂಡಿದ್ದವು. ಒಂದು ಸೂರ್ಯನ ಸುಮಾರು ೩೬ರಷ್ಟು, ಇನ್ನೊಂದು ೨೯ರಷ್ಟು ಭಾರ. ಕೂಡಿದ ಮೇಲೆ ಉಳಿದದ್ದು ೬೨. ಮಿಕ್ಕ ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹರಿದುಹೋಗಿತ್ತು. ಎಲ್ಲ ಸೇರಿ ಒಂದು ಸೆಕೆಂಡಿನ ಐದರಲ್ಲೊಂದು ಭಾಗದ ಕಥೆ. ಆ ಅಲೆಯ ಕೊನೆಯಲ್ಲಿ, ಹೊಸದಾಗಿ ಹುಟ್ಟಿದ ಕೃಷ್ಣವಿವರ ನಡುಗಿ ಸುಮ್ಮನಾಗುವಾಗ, ವಿಶ್ವೇಶ್ವರ ಕಾಗದದ ಮೇಲೆ ಕಂಡಿದ್ದ ನಂದುವ ಕಂಪನವಿತ್ತು.

ಸೆಕೆಂಡಿಗೆ ಸುಮಾರು ೨೫೦ ಸಲ. ಹಾರ್ಮೋನಿಯಮ್ಮಿನ ಒಂದು ಮನೆ ಶ್ರುತಿಗಿಂತ ತುಸು ಕೆಳಗೆ. ಕಂಸಾಳೆಯ ದನಿ ಬಹಳ ಹೊತ್ತು ನಿಲ್ಲುತ್ತದೆ. ಇದು ಒಂದು ಕಂಪನ ಮುಗಿಯುವಷ್ಟರಲ್ಲಿ ಮೂರರಲ್ಲೊಂದು ಪಾಲಿನಷ್ಟಕ್ಕೆ ಕುಗ್ಗಿತ್ತು. ಕಿವಿ ತೆರೆಯುವುದರೊಳಗೆ ಮುಗಿದುಹೋಗುವ ಘಂಟೆ. ೨೦೧೬ರ ಫೆಬ್ರವರಿ ೧೧ರಂದು ಈ ಶೋಧವನ್ನು ಜಗತ್ತಿಗೆ ಸಾರಿದರು. ಆ ಪ್ರಬಂಧದ ಉಲ್ಲೇಖಗಳಲ್ಲಿ ೧೯೭೦ರ ವಿಶ್ವೇಶ್ವರರ ಬರಹದ ಹೆಸರಿದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಆ ಸುದ್ದಿಯನ್ನು ನಾನು ಮರುದಿನ ಬೆಳಗ್ಗೆ ಕಾಫಿಯ ಜೊತೆಗೆ ಓದಿದೆ. ಅಮೆರಿಕದವರು ದೊಡ್ಡದೇನನ್ನೋ ಕಂಡುಹಿಡಿದಿದ್ದಾರೆ ಎಂದುಕೊಂಡು ಪತ್ರಿಕೆಯನ್ನು ಮಡಿಸಿಟ್ಟೆ. ಆ ದನಿಯನ್ನು ಮೊದಲು ಲೆಕ್ಕದಲ್ಲಿ ಕೇಳಿದವರು ನನ್ನ ಊರಿನಲ್ಲೇ, ಒಂದು ಸಿಟಿ ಬಸ್ಸಿನ ದೂರದಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ ಬದುಕಿದ್ದಾರೆಂದು ನನಗೆ ತಿಳಿಯಲಿಲ್ಲ. ತಾರಾಲಯವನ್ನು ಕಟ್ಟಿ ಬೆಳೆಸಿದವರೆಂದು ಹೆಸರನ್ನು ಬಲ್ಲೆ. ಈ ಕೆಲಸವನ್ನು ಅರಿಯೆ. ಅರಿತದ್ದು ೨೦೧೭ರ ಜನವರಿ ೧೬ರಂದು ಅವರು ತೀರಿಕೊಂಡ ಮೇಲೆ ಬಂದ ಶ್ರದ್ಧಾಂಜಲಿಗಳನ್ನು ಓದಿ. ನಡುವೆ ಹನ್ನೊಂದು ತಿಂಗಳಿದ್ದವು.

ಈ ಕೆಲಸ ಹೊಗಳಿ ಗೂಡಿನಲ್ಲಿಡುವ ಹಳೆಯ ಸಾಧನೆಯಾಗಿ ಉಳಿದಿಲ್ಲ. ಯಾವ ಸಿದ್ಧಾಂತದಿಂದ ಆ ದನಿಯನ್ನು ಲೆಕ್ಕಹಾಕಿದರೋ, ಆ ಸಿದ್ಧಾಂತವನ್ನೇ ತಟ್ಟಿ ನೋಡಲು ಈಗ ಅದು ಸಾಧನವಾಗಿದೆ. ಐನ್‌ಸ್ಟೈನರ ಮೇಲೂ ಸಂಶಯವೇ ಎಂದು ವಾಚಕರು ಕೇಳಬಹುದು. ಸಂಶಯಕ್ಕೆ ಕಾರಣವಿದೆ. ಕೃಷ್ಣವಿವರದ ನಡುಮಧ್ಯಕ್ಕೆ ಹೋದರೆ ಅವರ ಸಮೀಕರಣಗಳು ಅನಂತವೆಂಬ ಉತ್ತರ ಕೊಡುತ್ತವೆ; ಎಂದರೆ ತಮಗೆ ತಿಳಿಯದೆಂದು ಕೈಮುಗಿಯುತ್ತವೆ. ಅಣುಲೋಕದ ಕ್ವಾಂಟಂ ನಿಯಮಗಳೊಡನೆ ಅವು ಇನ್ನೂ ಹೊಂದಿಕೊಂಡಿಲ್ಲ. ನಕ್ಷತ್ರಮಂಡಲಗಳ ಅಂಚು ಕಣ್ಣಿಗೆ ಕಾಣುವ ದ್ರವ್ಯಕ್ಕೆ ತಕ್ಕುದಕ್ಕಿಂತ ವೇಗವಾಗಿ ಸುತ್ತುತ್ತದೆ. ಕಾಣದ ದ್ರವ್ಯವಿದೆ ಎಂದು ಬಹುಮಂದಿ ಹೇಳಿದರೆ, ಗುರುತ್ವದ ನಿಯಮವನ್ನೇ ತಿದ್ದಬೇಕೆಂದು ೧೯೮೩ರಲ್ಲಿ ಮಿಲ್‌ಗ್ರೋಮ್ ಹೇಳಿದರು. ಅದಕ್ಕೂ ಮುಂಚೆ, ೧೯೬೧ರಲ್ಲಿ, ಬ್ರಾನ್ಸ್ ಮತ್ತು ಡಿಕಿ ಐನ್‌ಸ್ಟೈನರ ಸಿದ್ಧಾಂತಕ್ಕೆ ಇನ್ನೊಂದು ಕ್ಷೇತ್ರವನ್ನು ಸೇರಿಸಿ ಬೇರೊಂದು ಸಿದ್ಧಾಂತವನ್ನು ಕಟ್ಟಿದ್ದರು.

ಇಂಥ ಒಂದು ಪರೀಕ್ಷೆ ನಮ್ಮ ನೆಲದಲ್ಲೇ ನಡೆಯಿತು. ಹಂಗೆರಿಯ ಎಟ್ವೆಷ್ ಎಂಬಾತ ಬಹಳ ಹಿಂದೆ ಮಾಡಿದ್ದ ಪ್ರಯೋಗಗಳ ಲೆಕ್ಕವನ್ನು ೧೯೮೬ರಲ್ಲಿ ಫಿಷ್‌ಬ್ಯಾಕ್ ಮತ್ತು ಸಂಗಡಿಗರು ತಿರುಗಿ ನೋಡಿ, ವಸ್ತುವಿನ ಜಾತಿಯನ್ನು ನೋಡಿ ಎಳೆಯುವ ‘ಐದನೆಯ ಬಲ’ವೊಂದು ಇರಬಹುದೆಂದು ಸಾರಿದರು. ಗೌರಿಬಿದನೂರಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯ ಪ್ರಯೋಗಶಾಲೆಯಿದೆ. ಅಲ್ಲಿ ರಮಾನಾಥ ಕೌಶಿಕ್ ಮತ್ತು ಸಂಗಡಿಗರು ಎಳೆಯಂಥ ತಂತಿಗೆ ತೂಗುಬಿಟ್ಟ ತಿರುಚು ತಕ್ಕಡಿಯಿಂದ ಅದನ್ನು ಅರಸಿದರು. ಸಾರಿದಷ್ಟು ದೊಡ್ಡ ಬಲ ಕಾಣಲಿಲ್ಲ; ೧೯೮೮ರಲ್ಲಿ ಹಾಗೆಂದು ಪ್ರಕಟಿಸಿದರು. ಇಲ್ಲ ಎಂದು ಕಂಡುಕೊಳ್ಳುವುದೂ ಒಂದು ತಿಳಿವೇ.

೨೦೧೭ರ ಆಗಸ್ಟ್ ೧೭ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದ ಅಲೆ ಬಂತು. ಸುಮಾರು ಹದಿಮೂರು ಕೋಟಿ ವರ್ಷ ಪಯಣ ಮಾಡಿದ ಗುರುತ್ವದ ಅಲೆಯೂ ಗಾಮಾ ಬೆಳಕೂ ಎರಡು ಸೆಕೆಂಡಿನ ಅಂತರದೊಳಗೆ ಮನೆ ಮುಟ್ಟಿದವು. ಎರಡರ ವೇಗ ಬೇರೆಯೆಂದು ಹೇಳುತ್ತಿದ್ದ ಎಷ್ಟೋ ಸಿದ್ಧಾಂತಗಳು ಅಂದೇ ಬಿದ್ದವು.

ಕೃಷ್ಣವಿವರದ ದನಿ ಮಾಡುವ ಪರೀಕ್ಷೆ ಇನ್ನೂ ಒಳಗಿನದು. ಐನ್‌ಸ್ಟೈನರು ಹೇಳಿದ್ದು ಸರಿಯಾದರೆ, ಸುತ್ತುವ ಕೃಷ್ಣವಿವರಕ್ಕೆ ೧೯೬೩ರಲ್ಲಿ ರಾಯ್ ಕೆರ್ ಕಂಡುಹಿಡಿದ ಉತ್ತರದಂತೆ ಎರಡೇ ಗುಣ: ಭಾರ ಮತ್ತು ತಿರುಗುವಿಕೆ. ಒಳಕ್ಕೆ ಬಿದ್ದದ್ದು ಚಿನ್ನವೋ ಕಲ್ಲೋ, ಹೊರಗೆ ಗುರುತಿಲ್ಲ. ಆದ್ದರಿಂದ ಒಂದು ಸ್ವರದ ಎತ್ತರವನ್ನೂ ಅದು ನಂದುವ ವೇಗವನ್ನೂ ಅಳೆದರೆ ಆ ಎರಡು ಗುಣಗಳೂ ಸಿಕ್ಕಿಬಿಡುತ್ತವೆ. ಎರಡನೆಯ ಸ್ವರವೊಂದು ಕೇಳಿಬಂದರೆ, ಅದು ಎಲ್ಲಿರಬೇಕೆಂಬುದು ಮೊದಲೇ ನಿರ್ಣಯವಾಗಿರುತ್ತದೆ. ಅತ್ತ ಇತ್ತ ಸರಿಯುವಂತಿಲ್ಲ. ಸರಿದಿದ್ದರೆ ಒಡಕು ಇದೆಯೆಂದೇ ಅರ್ಥ. ಆ ಒಡಕು ಕೃಷ್ಣವಿವರದಲ್ಲಿರಬಹುದು, ಇಲ್ಲವೆ ಸಿದ್ಧಾಂತದಲ್ಲಿ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವುದೂ ಇದಕ್ಕೇ.

೨೦೨೫ರ ಜನವರಿ ೧೪ರಂದು ಹಿಂದೆಂದೂ ಕೇಳದಷ್ಟು ಸ್ಪಷ್ಟವಾದ ಅಲೆ ಬಂತು. ಹತ್ತು ವರ್ಷಗಳ ಹಿಂದಿನಂಥದೇ ಜೋಡಿ. ಆದರೆ ಯಂತ್ರಗಳ ಕಿವಿ ಅಷ್ಟರಲ್ಲಿ ಚುರುಕಾಗಿತ್ತು. ಅದರ ಬಾಲದಲ್ಲಿ ಎರಡು ಸ್ವರಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ಸೆಪ್ಟೆಂಬರಿನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಹೊಂದಿಕೊಂಡವು. ಕೆರ್ ಹೇಳಿದ ಕೃಷ್ಣವಿವರವೇ ಅದು, ಮಡಕೆ ಗಟ್ಟಿಯಾಗಿದೆ. ಇಲ್ಲಿಯವರೆಗೆ, ಎಂದು ಸೇರಿಸಬೇಕು. ತಟ್ಟುವ ಕೆಲಸ ನಿಂತಿಲ್ಲ. ಬೆಂಗಳೂರಿನ ಹೆಸರಘಟ್ಟದ ಕಡೆ ಇರುವ ಐ.ಸಿ.ಟಿ.ಎಸ್. ಸಂಸ್ಥೆಯವರೂ ಈ ಬಗೆಯ ಪರೀಕ್ಷೆಗಳನ್ನು ರೂಪಿಸಿದವರಲ್ಲಿ ಸೇರಿದ್ದಾರೆ.

ಕಥೆ ಮುಗಿಯುವ ಹೊತ್ತಿಗೆ ದೇವರಗುಡ್ಡ ಕಂಬಳಿ ಹೊದ್ದು ಮಲಗಿದ್ದ. ಹುಡುಗನಿಗೆ ಮಾತ್ರ ನಿದ್ದೆ ಬಂದಿರಲಿಲ್ಲ. ಕಂಸಾಳೆಯ ಬಟ್ಟಲನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, ಅಂಗೈಯಿಂದ ಅಮುಕಿ ದನಿಯನ್ನು ನಿಲ್ಲಿಸಿದ. ಇಷ್ಟು ಬೇಗ ನಿಲ್ಲುತ್ತದೆಯೆ ಎಂದು ಕೇಳಿದ. ಇದಕ್ಕಿಂತಲೂ ಬೇಗ ಎಂದೆ.

“ಅವರನ್ನು ನೀವು ನೋಡಿದ್ದಿರಾ?” ಎಂದ.

“ಇಲ್ಲ” ಎಂದೆ. “ನೋಡಬಹುದಾಗಿತ್ತು.”

ವಿದ್ಯುತ್ತು ಬಂತು. ಹುಡುಗ ಒಳಗಿನಿಂದ ತನ್ನ ನೋಟು ಪುಸ್ತಕ ತಂದು, ಹೆಸರನ್ನು ಇನ್ನೊಮ್ಮೆ ಹೇಳಿ ಎಂದ. ಹೇಳಿದೆ, ಬರೆದುಕೊಂಡ.